ವರ್ಚುವಲ್ ಮಷಿನ್‌ನ ಗಡಿಯಾರ ತಪ್ಪಿದಾಗ: ಕರ್ನಲ್‌ಗೆ ಕೈ ಹಾಕುವ ಮುನ್ನ ಮತ್ತು ಹಾಕಿದ ಮೇಲೆ

ವರ್ಚುವಲ್ ಮಷಿನ್‌ನ, ಅಂದರೆ ಒಂದು ನಿಜವಾದ ಯಂತ್ರದೊಳಗೆ ತಂತ್ರಾಂಶದಿಂದ ಕಟ್ಟಿದ ಯಂತ್ರದ, ಸಮಯ ತಪ್ಪುತ್ತಿದೆ ಎಂದು ದೂರು ಬಂದಾಗ, ಅದರೊಳಗಿನ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಗೆಸ್ಟ್ ಕರ್ನಲ್‌ನ ಟಿಕ್ ದರವನ್ನು (ಟೈಮರ್ ಸೆಕೆಂಡಿಗೆ ಎಷ್ಟು ಬಾರಿ ಕರ್ನಲನ್ನು ತಟ್ಟುತ್ತದೆ ಎಂಬುದನ್ನು) 1000ದಿಂದ 100ಕ್ಕೆ ಇಳಿಸಿ ಮತ್ತೆ ಕಂಪೈಲ್ ಮಾಡಿ ಎಂಬ ಸಲಹೆ ಇಂದಿಗೂ ಮೊದಲು ಕೇಳಿಬರುತ್ತದೆ. ಒಂದು ಕಾಲದ ಕರ್ನಲ್‌ಗಳಿಗೆ ಅದು ತಕ್ಕ ಮದ್ದೇ ಆಗಿತ್ತು. ಈಗಿನ ಕರ್ನಲ್‌ಗಳು ಟಿಕ್‌ಗಳನ್ನು ಎಣಿಸಿ ಸಮಯ ಹೇಳುವುದಿಲ್ಲವಾದ್ದರಿಂದ, ಅದೇ ಮದ್ದನ್ನು ಎಲ್ಲದಕ್ಕೂ ಕೊಟ್ಟರೆ ಕಂಪೈಲ್‌ಗೆ ಒಂದು ಹಗಲು ಹೋಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ. ಗಡಿಯಾರ ಎಷ್ಟು ತಪ್ಪಿದೆ ಎಂಬುದಕ್ಕಿಂತ ಯಾವ ರೀತಿಯಲ್ಲಿ ತಪ್ಪುತ್ತಿದೆ ಎಂಬುದನ್ನು ಮೊದಲು ಗುರುತಿಸಿ, ವರ್ಚುವಲ್ ಮಷಿನನ್ನು ಓಡಿಸುವ ಹೋಸ್ಟ್ ಯಂತ್ರದಲ್ಲಿ ಸರಿಪಡಿಸಬಹುದಾದುದನ್ನು ಅಲ್ಲೇ ಸರಿಪಡಿಸಿ, ಉಳಿದುದಕ್ಕೆ ಮಾತ್ರ ಕರ್ನಲ್ ಬದಲಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಗೆಸ್ಟ್, ಅಂದರೆ ವರ್ಚುವಲ್ ಮಷಿನ್, ಲಿನಕ್ಸ್ ಎಂದೂ ಹೋಸ್ಟ್ ಬಹುಮಟ್ಟಿಗೆ ಲಿನಕ್ಸ್‌ನ ವರ್ಚುವಲ್ ಮಷಿನ್ ವ್ಯವಸ್ಥೆಯಾದ ಕೆವಿಎಂ ಎಂದೂ ಇಟ್ಟುಕೊಳ್ಳಲಾಗಿದೆ; ಅಂಥದ್ದೇ ಇನ್ನೊಂದು ವ್ಯವಸ್ಥೆಯಾದ ವಿಎಂವೇರ್‌ನಲ್ಲಿ ಬೇರೆಯಾಗುವ ಕಡೆ ಅದನ್ನು ಹೇಳಲಾಗಿದೆ.

ಉದಾಹರಣೆಗಾಗಿ ಬೆಂಗಳೂರಿನ ಪೀಣ್ಯದಲ್ಲಿರುವ, ಯಂತ್ರಭಾಗಗಳನ್ನು ತಯಾರಿಸುವ ಒಂದು ಘಟಕದ ಪ್ರಕರಣವನ್ನು ಅಲ್ಲಲ್ಲಿ ಬಳಸಲಾಗಿದೆ. ಅಲ್ಲಿ ಪ್ರತಿ ಪಾಳಿಯ ಉತ್ಪಾದನೆಯನ್ನು ದಾಖಲಿಸುವ ಹಳೆಯ ತಂತ್ರಾಂಶವೊಂದು, ಅದನ್ನು ಒದಗಿಸಿದವರೇ ಕಟ್ಟಿಕೊಟ್ಟ 2.6.18 ಕರ್ನಲ್‌ನ ಮೇಲೆ ನಡೆಯುತ್ತದೆ. ಮೂಲ ಯಂತ್ರ ಕೆಟ್ಟ ಮೇಲೆ ಡಿಸ್ಕನ್ನು ಇದ್ದಂತೆಯೇ ವರ್ಚುವಲ್ ಮಷಿನ್‌ಗೆ ಸಾಗಿಸಲಾಯಿತು. ಅಂದಿನಿಂದ ರಾತ್ರಿ ಪಾಳಿಯ ದಾಖಲೆಗಳ ಹೊತ್ತು ಗೋಡೆ ಗಡಿಯಾರಕ್ಕಿಂತ ಹಿಂದೆ ಬೀಳತೊಡಗಿತು. ಪಾಳಿ ಬದಲಾಗುವ ಹೊತ್ತಿನಲ್ಲಿ ಸಿದ್ಧವಾದ ಭಾಗಗಳು ಹಿಂದಿನ ಪಾಳಿಯವರ ಲೆಕ್ಕಕ್ಕೆ ಸೇರುತ್ತಿದ್ದುದರಿಂದ, ಈ ದೋಷವನ್ನು ಮೊದಲು ಕಂಡವರು ಕಂಪ್ಯೂಟರ್ ವಿಭಾಗದವರಲ್ಲ, ಮೇಲ್ವಿಚಾರಕರು.

ದೂರು ಒಂದು, ದೋಷ ಮೂರು

“ಸಮಯ ಸರಿಯಿಲ್ಲ” ಎಂಬ ಮಾತಿನಲ್ಲಿ ಮೂರು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಗಡಿಯಾರವೇ ತಪ್ಪು ಹೊತ್ತನ್ನು ತೋರಿಸುತ್ತಿರಬಹುದು. ಹೊತ್ತು ಸರಿಯಿದ್ದರೂ ಅದನ್ನು ಓದಲು ಪ್ರತಿ ಬಾರಿಯೂ ಹೆಚ್ಚು ಕಾಲ ಹಿಡಿಯುತ್ತಿದ್ದು, ಕ್ಷಣಕ್ಷಣಕ್ಕೂ ಸಮಯ ಕೇಳುವ ಡೇಟಾಬೇಸ್‌ನಂತಹ ತಂತ್ರಾಂಶ ನಿಧಾನವಾಗಿರಬಹುದು. ಇಲ್ಲವೇ ಹೊತ್ತು ಸರಿಯಿದ್ದು, ಓದುವುದೂ ಚುರುಕಾಗಿದ್ದು, ಹತ್ತು ಮಿಲಿಸೆಕೆಂಡ್ ಬಿಟ್ಟು ಎಬ್ಬಿಸು ಎಂದ ಪ್ರೋಗ್ರಾಂ ನಲವತ್ತು ಮಿಲಿಸೆಕೆಂಡ್ ಬಿಟ್ಟು ಏಳುತ್ತಿರಬಹುದು.

ಮೂರನೆಯದನ್ನು ಮೊದಲು ಪಕ್ಕಕ್ಕಿಡುವುದು ಒಳ್ಳೆಯದು, ಏಕೆಂದರೆ ಗೆಸ್ಟ್ ಕರ್ನಲ್‌ನಲ್ಲಿ ಏನು ಮಾಡಿದರೂ ಅದು ಹೋಗುವುದಿಲ್ಲ. ಗೆಸ್ಟ್‌ನಲ್ಲಿ ಸಿಪಿಯು ಬಳಕೆ ತೋರಿಸುವ ವಿಎಂಸ್ಟ್ಯಾಟ್ ಅಥವಾ ಟಾಪ್ ಆಜ್ಞೆಯನ್ನು ಓಡಿಸಿ ಎಸ್‌ಟಿ ಎಂಬ ಅಂಕಣವನ್ನು ನೋಡಬೇಕು. ವರ್ಚುವಲ್ ಸಿಪಿಯು ಓಡಲು ಸಿದ್ಧವಿದ್ದರೂ ಹೋಸ್ಟ್ ಅದಕ್ಕೆ ನಿಜವಾದ ಸಿಪಿಯುವನ್ನು ಕೊಡದೆ ಕಾಯಿಸಿದ ಕಾಲದ ಪಾಲು ಅಲ್ಲಿ ಕಾಣುತ್ತದೆ. ಆ ಅಂಕಿ ಸತತವಾಗಿ ಮೇಲಿದ್ದರೆ ಹೋಸ್ಟ್‌ನ ಮೇಲೆ ಗೆಸ್ಟ್‌ಗಳು ಹೆಚ್ಚಾಗಿವೆ ಎಂದರ್ಥ. ವರ್ಚುವಲ್ ಸಿಪಿಯುಗಳನ್ನು ಕಡಿಮೆ ಮಾಡುವುದು, ಅವನ್ನು ನಿರ್ದಿಷ್ಟ ಕೋರ್‌ಗಳಿಗೆ ಕಟ್ಟುವುದು ಅಥವಾ ಒಂದು ಗೆಸ್ಟನ್ನು ಬೇರೆ ಹೋಸ್ಟ್‌ಗೆ ಕಳಿಸುವುದೇ ದಾರಿ. ವಿಎಂವೇರ್‌ನಲ್ಲಿ ಗೆಸ್ಟ್‌ನ ಈ ಅಂಕಣ ಸಾಮಾನ್ಯವಾಗಿ ಸೊನ್ನೆಯಾಗಿಯೇ ಉಳಿಯುವುದರಿಂದ, ಹೋಸ್ಟ್‌ನ ಇಎಸ್‌ಎಕ್ಸ್‌ಟಾಪ್ ಆಜ್ಞೆಯಲ್ಲಿ ರೆಡಿ ಸಮಯವನ್ನು, ಅಂದರೆ ಇದೇ ಕಾಯುವಿಕೆಯ ಕಾಲವನ್ನು, ನೋಡಬೇಕು. ಗೆಸ್ಟ್‌ನಲ್ಲಿ ಸೊನ್ನೆ ಕಂಡ ಮಾತ್ರಕ್ಕೆ ಹೋಸ್ಟನ್ನು ನಿರ್ದೋಷಿ ಎಂದು ಬಿಟ್ಟುಬಿಡುವವರು ಕಡಿಮೆಯಿಲ್ಲ.

ಅಳೆಯುವುದು ಹೇಗೆ

ಮೊದಲು ಗೆಸ್ಟ್‌ನಲ್ಲಿ, ಜಾಲದಿಂದ ಸರಿಯಾದ ಸಮಯ ಪಡೆದು ಗಡಿಯಾರವನ್ನು ತಿದ್ದುವ ಎನ್‌ಟಿಪಿ ಅಥವಾ ಕ್ರೋನಿ ಸೇವೆಯನ್ನು ನಿಲ್ಲಿಸಬೇಕು. ಅದು ಓಡುತ್ತಿರುವಾಗ ಅಳೆದರೆ ತಿದ್ದಿದ ಗಡಿಯಾರದ ನಡೆ ಸಿಗುತ್ತದೆ. ನಮಗೆ ಬೇಕಾದುದು ತಿದ್ದದ ಗಡಿಯಾರದ ನಡೆ. ಆಮೇಲೆ ಹೋಸ್ಟ್‌ನ ಸಮಯ ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಸೈಬರ್ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ಕಂಪನಿಗಳು ತಮ್ಮ ವ್ಯವಸ್ಥೆಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರದ ಅಥವಾ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಎನ್‌ಟಿಪಿ ಸರ್ವರ್‌ಗಳಿಗೆ, ಇಲ್ಲವೇ ಅವುಗಳಿಂದ ಸಮಯ ಪಡೆಯುವ ಸರ್ವರ್‌ಗಳಿಗೆ ಹೊಂದಿಸಿಕೊಳ್ಳಬೇಕು. ಹೋಸ್ಟ್ ಹಾಗೆ ಹೊಂದಿಕೊಂಡಿದ್ದರೆ ಗೆಸ್ಟನ್ನು ಅದರೊಂದಿಗೆ ಹೋಲಿಸಿದರೆ ಸಾಕು.

ಹೊಸ ಗೆಸ್ಟ್‌ಗಳಲ್ಲಿ ಕ್ರೋನಿಯ ಪ್ರೋಗ್ರಾಂ ಆದ ಕ್ರೋನಿಡಿಗೆ ದೊಡ್ಡಕ್ಷರದ ಕ್ಯೂ ಆಯ್ಕೆಯನ್ನು ಕೊಟ್ಟರೆ ಅದು ಗಡಿಯಾರವನ್ನು ಮುಟ್ಟದೆ ವ್ಯತ್ಯಾಸವನ್ನು ಮಾತ್ರ ಮುದ್ರಿಸುತ್ತದೆ. ಸಣ್ಣಕ್ಷರದ ಕ್ಯೂ ಕೊಟ್ಟರೆ ಗಡಿಯಾರವನ್ನೇ ತಿದ್ದಿಬಿಡುತ್ತದೆ, ಅಲ್ಲಿಗೆ ಅದುವರೆಗಿನ ಅಳತೆ ವ್ಯರ್ಥ. ಹಳೆಯ ಎನ್‌ಟಿಪಿಡೇಟ್ ಆಜ್ಞೆಯಲ್ಲಾದರೋ ಸಣ್ಣಕ್ಷರದ ಕ್ಯೂ ಎಂದರೆ ಬರಿದೇ ಕೇಳುವುದು. ಎರಡನ್ನೂ ಬಳಸುವ ಕಡೆ ಈ ವ್ಯತ್ಯಾಸವನ್ನು ಗೋಡೆಗೆ ಅಂಟಿಸಿಡುವುದು ಲೇಸು.

ಕೆಲವು ನಿಮಿಷಗಳಿಗೊಮ್ಮೆ ಈ ವ್ಯತ್ಯಾಸವನ್ನು ಕಡತಕ್ಕೆ ಬರೆಯುವ ಸಣ್ಣ ಸ್ಕ್ರಿಪ್ಟನ್ನು ಕನಿಷ್ಠ ಒಂದು ಪೂರ್ತಿ ದಿನ ಓಡಿಸಬೇಕು. ರಾತ್ರಿಯ ಬ್ಯಾಕಪ್ ಆ ಅವಧಿಯೊಳಗೆ ಬರಲೇಬೇಕು. ವ್ಯತ್ಯಾಸದ ಬೆಳವಣಿಗೆಯನ್ನು ಕಳೆದ ಕಾಲದಿಂದ ಭಾಗಿಸಿ ಹತ್ತು ಲಕ್ಷದಿಂದ ಗುಣಿಸಿದರೆ ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಎಂಬ) ಲೆಕ್ಕದಲ್ಲಿ ದರ ಸಿಗುತ್ತದೆ: ಒಂದು ಗಂಟೆಯಲ್ಲಿ 0.9 ಸೆಕೆಂಡ್ ಹಿಂದೆ ಬಿದ್ದರೆ ಅದು 250 ಪಿಪಿಎಂ. ಹಳೆಯ ಎನ್‌ಟಿಪಿ ಪ್ರೋಗ್ರಾಂ ಆದ ಎನ್‌ಟಿಪಿಡಿ ತಿದ್ದಬಲ್ಲ ದರದ ಮಿತಿ 500 ಪಿಪಿಎಂ, ಅಂದರೆ ದಿನಕ್ಕೆ 43.2 ಸೆಕೆಂಡ್. ದೋಷದ ದರ ಅದನ್ನು ಮೀರಿದರೆ ಎನ್‌ಟಿಪಿಡಿ ಗಡಿಯಾರವನ್ನು ಮೆಲ್ಲನೆ ಎಳೆದು ಸರಿದೂಗಿಸಲಾರದೆ, ಆಗಾಗ ಒಮ್ಮೆಲೇ ಹಾರಿಸುತ್ತದೆ. ಕ್ರೋನಿ ಇದಕ್ಕಿಂತ ಎಷ್ಟೋ ವೇಗವಾಗಿ ತಿದ್ದಬಲ್ಲದು; ಆದರೆ ಕ್ರೋನಿ ಹಾಕಿದ ಮೇಲೆ ದೂರು ನಿಂತಿತು ಎಂದರೆ ದೋಷ ಮುಚ್ಚಿಹೋಯಿತು ಎಂದಷ್ಟೇ ತಿಳಿಯಬೇಕು.

ತಪ್ಪಿನ ನಡೆ ಹೇಳುವ ಕಾರಣ

ಆ ಕಡತವನ್ನು ಗ್ರಾಫ್ ಮಾಡಿ ನೋಡಿದರೆ ಕಾರಣ ಬಹುಮಟ್ಟಿಗೆ ಕಣ್ಣಿಗೇ ಬೀಳುತ್ತದೆ.

ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ, ಅಂದರೆ 19,800 ಸೆಕೆಂಡ್ ಇದ್ದರೆ, ಕರ್ನಲ್‌ನ ಟೈಮರ್‌ಗಳ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ. ಹೋಸ್ಟ್ ಒದಗಿಸುವ ಆರ್‌ಟಿಸಿ (ಬೂಟ್ ಆಗುವಾಗ ಗೆಸ್ಟ್ ಓದುವ ಗಡಿಯಾರ) ಭಾರತೀಯ ಕಾಲದಲ್ಲಿದ್ದು ಗೆಸ್ಟ್ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಕಾಲ) ಎಂದುಕೊಂಡರೆ ಗಡಿಯಾರ ಐದೂವರೆ ಗಂಟೆ ಮುಂದಿರುತ್ತದೆ; ಅದಲುಬದಲಾದರೆ ಅಷ್ಟೇ ಹಿಂದಿರುತ್ತದೆ. ಹೋಸ್ಟ್‌ನಲ್ಲಿ ಗೆಸ್ಟ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನ ಕ್ಲಾಕ್ ಆಫ್‌ಸೆಟ್‌ನಲ್ಲಿ ಯುಟಿಸಿ ಅಥವಾ ಲೋಕಲ್‌ಟೈಮ್ ಎಂದು ಸರಿಪಡಿಸಿದರೆ ಮುಗಿಯಿತು. ವಾರದ ಕೊನೆಗೆ ಸರ್ವರ್ ಆರಿಸುವ ಕಚೇರಿಗಳಲ್ಲಿ ಇದು ಸೋಮವಾರ ಬೆಳಿಗ್ಗೆಯೇ ಕಾಣಿಸಿಕೊಳ್ಳುವುದು ವಾಡಿಕೆ.

ಗೆರೆ ನೆಟ್ಟಗಿದ್ದು, ಹೊರೆ ಇದ್ದರೂ ಇಲ್ಲದಿದ್ದರೂ ಒಂದೇ ಓರೆಯಲ್ಲಿ ಏರುತ್ತಿದ್ದರೆ, ಗೆಸ್ಟ್ ತನ್ನ ಕೌಂಟರ್‌ನ ವೇಗವನ್ನು ತಪ್ಪಾಗಿ ತಿಳಿದಿದೆ ಎಂದರ್ಥ. ಬೂಟ್ ಆಗುವ ಹೊತ್ತಿನಲ್ಲಿ ಹೋಸ್ಟ್‌ನ ಮೇಲೆ ಹೊರೆಯಿದ್ದು, ಸಿಪಿಯುವಿನೊಳಗಿನ ಕೌಂಟರ್ ಆದ ಟಿಎಸ್‌ಸಿಯ ವೇಗದ ಅಳತೆ ಕೆಟ್ಟಿರಬಹುದು, ಅಥವಾ ಗೆಸ್ಟನ್ನು ಓಡುತ್ತಿರುವಾಗಲೇ ಬೇರೆ ವೇಗದ ಸಿಪಿಯು ಇರುವ, ಟಿಎಸ್‌ಸಿ ಸ್ಕೇಲಿಂಗ್ (ಆ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಸೌಲಭ್ಯ) ಇಲ್ಲದ ಹೋಸ್ಟ್‌ಗೆ ಸಾಗಿಸಿರಬಹುದು. ಪ್ರತಿ ಬೂಟ್‌ಗೂ ಓರೆ ಬದಲಾದರೆ ಮೊದಲನೆಯದು. ಸಾಗಿಸಿದ ಕ್ಷಣದಿಂದ ಮಾತ್ರ ಬದಲಾಗಿದ್ದರೆ ಎರಡನೆಯದು.

ಎನ್‌ಟಿಪಿ ನಿಂತಿದ್ದರೂ ಗೆರೆ ಗರಗಸದ ಹಲ್ಲಿನಂತಿದ್ದರೆ, ಗೆಸ್ಟ್‌ನೊಳಗೆ ಹಾಕಿದ ಸಹಾಯಕ ತಂತ್ರಾಂಶ, ಅಂದರೆ ವಿಎಂವೇರ್ ಟೂಲ್ಸ್ ಅಥವಾ ವರ್ಚುವಲ್‌ಬಾಕ್ಸ್‌ನ ಗೆಸ್ಟ್ ಅಡಿಷನ್ಸ್, ಗಡಿಯಾರವನ್ನು ತಿದ್ದುತ್ತಿದೆ; ಎನ್‌ಟಿಪಿ ಮತ್ತೆ ಓಡತೊಡಗಿದರೆ ತಿದ್ದುವವರು ಇಬ್ಬರಾಗುತ್ತಾರೆ. ಒಂದನ್ನು ನಿಲ್ಲಿಸಬೇಕು, ಎನ್‌ಟಿಪಿಯನ್ನು ಉಳಿಸಿಕೊಳ್ಳುವುದೇ ನನ್ನ ಸಲಹೆ. ವಿಎಂವೇರ್ ಟೂಲ್ಸ್‌ನ ನಿಯತಕಾಲಿಕ ಹೊಂದಿಕೆಯನ್ನು ನಿಲ್ಲಿಸಿದರೂ, ಸಸ್ಪೆಂಡ್‌ನಿಂದ ಎದ್ದಾಗ ಹಾಗೂ ಸ್ನ್ಯಾಪ್‌ಶಾಟ್‌ಗೆ (ಉಳಿಸಿಟ್ಟ ಹಿಂದಿನ ಸ್ಥಿತಿಗೆ) ಮರಳಿದಾಗ ಅದು ಒಂದು ಬಾರಿ ಗಡಿಯಾರವನ್ನು ತಿದ್ದುತ್ತದೆ ಎಂಬುದು ನೆನಪಿರಲಿ. ಗೆರೆಯಲ್ಲಿ ಒಂದೇ ಒಂದು ಮೆಟ್ಟಿಲಿದ್ದು ಉಳಿದಂತೆ ಸಪಾಟಾಗಿದ್ದರೆ ಕಾರಣ ಇಂಥದ್ದೇ ಸಸ್ಪೆಂಡ್ ಅಥವಾ ಸ್ನ್ಯಾಪ್‌ಶಾಟ್ ಆಗಿರುತ್ತದೆ.

ಕೊನೆಯದು ಪೀಣ್ಯದಲ್ಲಿ ಕಂಡ ನಡೆ. ಹಗಲಿಡೀ ಗೆರೆ ಸಪಾಟು. ರಾತ್ರಿ ಅದೇ ಹೋಸ್ಟ್‌ನ ಇತರ ಗೆಸ್ಟ್‌ಗಳ ಬ್ಯಾಕಪ್ ಆರಂಭವಾದೊಡನೆ ಇಳಿಜಾರು. ಬ್ಯಾಕಪ್ ಮುಗಿದ ಮೇಲೆ ಮತ್ತೆ ಸಪಾಟು, ಆದರೆ ಕಳೆದುಕೊಂಡ ಕಾಲ ಮರಳಿ ಬಂದಿರುವುದಿಲ್ಲ. ಹೊರೆ ಬಿದ್ದಾಗ ಮಾತ್ರ ಹಿಂದೆ ಬೀಳುವ ಗಡಿಯಾರ ಟಿಕ್‌ಗಳನ್ನು ಕಳೆದುಕೊಳ್ಳುತ್ತಿದೆ.

ಹೊಸ ಕರ್ನಲ್‌ಗಳಲ್ಲಿ: ಕ್ಲಾಕ್‌ಸೋರ್ಸ್ ಪರಿಶೀಲನೆ

ಸಿಸ್ ಕಡತಕೋಶದೊಳಗೆ ಡಿವೈಸಸ್, ಸಿಸ್ಟಮ್, ಕ್ಲಾಕ್‌ಸೋರ್ಸ್ ಎಂದು ಇಳಿದರೆ, ಈಗ ಬಳಕೆಯಲ್ಲಿರುವ ಕ್ಲಾಕ್‌ಸೋರ್ಸ್ (ಹೊತ್ತು ತಿಳಿಯಲು ಕರ್ನಲ್ ಓದುವ ಕೌಂಟರ್) ಯಾವುದು, ಲಭ್ಯವಿರುವವು ಯಾವುವು ಎಂದು ಹೇಳುವ ಎರಡು ಕಡತಗಳು ಸಿಗುತ್ತವೆ. ಕೆವಿಎಂ ಗೆಸ್ಟ್‌ನಲ್ಲಿ ಕೆವಿಎಂ-ಕ್ಲಾಕ್ (ಕೆವಿಎಂ ತನ್ನ ಗೆಸ್ಟ್‌ಗಳಿಗೆ ಒದಗಿಸುವ ಗಡಿಯಾರ) ಅಥವಾ ಟಿಎಸ್‌ಸಿ ಇದ್ದರೆ ಸರಿ. ಸಿಪಿಯುವಿನ ಹೊರಗಿನ ಟೈಮರ್‌ಗಳಾದ ಎಚ್‌ಪಿಇಟಿ ಅಥವಾ ಎಸಿಪಿಐ-ಪಿಎಂ ಇದ್ದರೆ ಎರಡನೆಯ ದೋಷದ, ಅಂದರೆ ಓದಲು ತಡವಾಗುವ ದೋಷದ ಮೂಲ ಅಲ್ಲಿದೆ. ಟಿಎಸ್‌ಸಿಯನ್ನು ಪ್ರೋಗ್ರಾಂ ಕರ್ನಲ್‌ಗೆ ಹೋಗದೆಯೇ ಕೆಲವು ಹತ್ತು ನ್ಯಾನೊಸೆಕೆಂಡ್‌ಗಳಲ್ಲಿ ಓದುತ್ತದೆ. ಎಸಿಪಿಐ-ಪಿಎಂ ಓದಬೇಕಾದರೆ ಗೆಸ್ಟ್ ನಿಂತು, ಗೆಸ್ಟ್‌ನ ಸಾಧನಗಳನ್ನು ಅನುಕರಿಸುವ ಹೋಸ್ಟ್‌ನ ಕ್ಯೂಎಮು ಪ್ರೋಗ್ರಾಂ ಉತ್ತರ ಕೊಟ್ಟು, ಮತ್ತೆ ಗೆಸ್ಟ್ ಓಡಬೇಕು. ಖಚಿತಪಡಿಸಿಕೊಳ್ಳಲು ನಿಧಾನವಾದ ಪ್ರೋಗ್ರಾಂ ಮೇಲೆ, ಕರ್ನಲ್‌ಗೆ ಹೋಗುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಓಡಿಸಬಹುದು: ಸಮಯ ಕೇಳುವ ಕರೆಗಳು ಸಾಲುಸಾಲಾಗಿ ಕಂಡರೆ ಅವು ಕರ್ನಲ್‌ಗೆ ಹೋಗುತ್ತಿವೆ, ಆರೋಗ್ಯವಂತ ಗೆಸ್ಟ್‌ನಲ್ಲಿ ಅವು ಎಸ್‌ಟ್ರೇಸ್‌ಗೆ ಕಾಣುವುದೇ ಇಲ್ಲ.

ಕರ್ನಲ್ ಟಿಎಸ್‌ಸಿಯನ್ನು ಏಕೆ ಕೈಬಿಟ್ಟಿತು ಎಂಬ ಸಂದೇಶ, ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೆಜ್‌ನಲ್ಲಿರುತ್ತದೆ. ಕರ್ನಲ್‌ನ ಕಾವಲು ವ್ಯವಸ್ಥೆ ಅರ್ಧ ಸೆಕೆಂಡಿಗೊಮ್ಮೆ ಟಿಎಸ್‌ಸಿಯನ್ನು ಇನ್ನೊಂದು ಕೌಂಟರ್‌ನೊಂದಿಗೆ ಹೋಲಿಸಿ, ವ್ಯತ್ಯಾಸ ಮಿತಿ ಮೀರಿದರೆ ಟಿಎಸ್‌ಸಿಯನ್ನು ಅಸ್ಥಿರ ಎಂದು ಗುರುತಿಸುತ್ತದೆ. ಬಹುಕಾಲ ಆ ಮಿತಿ 62.5 ಮಿಲಿಸೆಕೆಂಡ್ ಆಗಿತ್ತು. ವರ್ಚುವಲ್ ಮಷಿನ್‌ನಲ್ಲಿ ಈ ತೀರ್ಪು ಸುಳ್ಳಾಗುವ ಸಂಭವವಿದೆ. ಆ ಸಂದೇಶದ ಕೊನೆಯಲ್ಲಿ ಹೋಲಿಕೆಗೆ ಬಳಸಿದ ಕೌಂಟರ್‌ನ ಮಾಸ್ಕ್ (ಅದು ಎಷ್ಟು ಬಿಟ್‌ಗಳದ್ದು ಎಂಬ ಗುರುತು) ಮುದ್ರಿತವಾಗಿರುತ್ತದೆ. ಅಲ್ಲಿ ಎಫ್ ಅಕ್ಷರ ಆರು ಬಾರಿ ಇದ್ದರೆ ಅದು 24 ಬಿಟ್‌ಗಳ ಎಸಿಪಿಐ-ಪಿಎಂ, 3.579545 ಮೆಗಾಹರ್ಟ್ಸ್‌ನಲ್ಲಿ ಓಡುವ ಆ ಕೌಂಟರ್ ಸುಮಾರು 4.7 ಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುತ್ತದೆ. ಗೆಸ್ಟ್ ಅದಕ್ಕಿಂತ ಹೆಚ್ಚು ಹೊತ್ತು ಸ್ತಬ್ಧವಾಗಿದ್ದರೆ ತಪ್ಪು ಲೆಕ್ಕ ಹಾಕುವುದು ಕಾವಲುಗಾರನೇ. ಟಿಎಸ್‌ಸಿಯ ದೋಷ ಅದರಲ್ಲಿಲ್ಲ. ಸಂದೇಶದ ಹೊತ್ತಿಗೆ ಹೋಸ್ಟ್‌ನಲ್ಲಿ ಸ್ನ್ಯಾಪ್‌ಶಾಟ್ ಅಥವಾ ಡಿಸ್ಕ್‌ನ ವಿಪರೀತ ಹೊರೆ ಇತ್ತೇ ಎಂದು ಹೋಲಿಸಿದರೆ ವಿಷಯ ತಿಳಿಯಾಗುತ್ತದೆ.

ಇಂಥ ಕಡೆ ಟಿಎಸ್‌ಸಿ=ರಿಲಯಬಲ್ ಎಂಬ ಬೂಟ್ ಪ್ಯಾರಾಮೀಟರ್ ಕೊಟ್ಟು ಕಾವಲನ್ನೇ ತೆಗೆಯುವ ರೂಢಿಯಿದೆ. ಹೋಸ್ಟ್‌ನ ಸಿಪಿಯುವಿನಲ್ಲಿ ಕಾನ್‌ಸ್ಟಂಟ್ ಟಿಎಸ್‌ಸಿ, ನಾನ್‌ಸ್ಟಾಪ್ ಟಿಎಸ್‌ಸಿ ಎಂಬ ಎರಡೂ ಗುಣಗಳಿದ್ದು, ಗೆಸ್ಟ್ ಆ ಹೋಸ್ಟನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದಾದರೆ ಮಾತ್ರ ಇದು ಒಪ್ಪತಕ್ಕದ್ದು. ಇಲ್ಲವಾದರೆ ಮುಂದೊಂದು ದಿನ ಸಮಯ ಕೆಟ್ಟಾಗ ಎಚ್ಚರಿಸುವವರು ಯಾರೂ ಇರುವುದಿಲ್ಲ. ಕೆವಿಎಂ-ಕ್ಲಾಕ್ ಲಭ್ಯವಿದ್ದರೆ ಅದಕ್ಕೆ ಬದಲಾಯಿಸುವುದು ಹೆಚ್ಚು ಕ್ಷೇಮ. ಲಭ್ಯವಿರುವ ಪಟ್ಟಿಯಲ್ಲೇ ಅದು ಇಲ್ಲದಿದ್ದರೆ ಗೆಸ್ಟ್ ಕರ್ನಲ್‌ನ ಕಾನ್ಫಿಗ್‌ನಲ್ಲಿ, ಅಂದರೆ ಕಂಪೈಲ್‌ನ ಆಯ್ಕೆಗಳ ಕಡತದಲ್ಲಿ, ಕೆವಿಎಂ ಗೆಸ್ಟ್ ಬೆಂಬಲ ಆರಿರಬಹುದು. ಹೊಸ ಕರ್ನಲ್‌ನಲ್ಲಿ ಮರುಕಂಪೈಲ್‌ಗೆ ನ್ಯಾಯವಾದ ಕಾರಣ ಇದು. 4.11ರಿಂದ ಈಚಿನ ಕರ್ನಲ್‌ಗಳಲ್ಲಿ ಪಿಟಿಪಿ-ಕೆವಿಎಂ ಮಾಡ್ಯೂಲ್ (ಕರ್ನಲ್‌ಗೆ ಬೇಕಾದಾಗ ಸೇರಿಸುವ ಭಾಗ) ಹಾಕಿ, ಹೋಸ್ಟ್‌ನ ಗಡಿಯಾರವನ್ನು ಜಾಲದ ಹಂಗಿಲ್ಲದೆ ಕ್ರೋನಿಗೆ ನೇರವಾಗಿ ಒದಗಿಸಲೂಬಹುದು.

ಹಳೆಯ ಕರ್ನಲ್‌ಗಳಲ್ಲಿ: ಕಳೆದುಹೋಗುವ ಟಿಕ್‌ಗಳು

2.4 ಕರ್ನಲ್‌ಗಳು ಎಕ್ಸ್86 (ಇಂಟೆಲ್, ಎಎಂಡಿ ಮಾದರಿಯ) ಯಂತ್ರಗಳಲ್ಲಿ ಸೆಕೆಂಡಿಗೆ 100 ಟಿಕ್ ಬಳಸುತ್ತಿದ್ದವು. 2003ರ ಡಿಸೆಂಬರ್‌ನಲ್ಲಿ ಬಂದ 2.6 ಅದನ್ನು 1000ಕ್ಕೆ ಏರಿಸಿತು. 2005ರ ಆಗಸ್ಟ್‌ನ 2.6.13ರಲ್ಲಿ ಅದು ಕಾನ್ಫಿಗ್‌ನ ಆಯ್ಕೆಯಾಗಿ, ಪೂರ್ವನಿಗದಿತ ದರ 250 ಆಯಿತು. ಹಲವು ವಿತರಣೆಗಳು ಆಮೇಲೂ 1000ವನ್ನೇ ಉಳಿಸಿಕೊಂಡವು. ಈ ಪೀಳಿಗೆಯ ಬಹುಪಾಲು ಕರ್ನಲ್‌ಗಳು ಟೈಮರ್ ಇಂಟರಪ್ಟ್‌ಗಳನ್ನು, ಅಂದರೆ ಟಿಕ್‌ಗಳನ್ನು, ಎಣಿಸಿಯೇ ಹೊತ್ತು ಹೇಳುತ್ತವೆ. ದರ 1000 ಇದ್ದು, ಹೋಸ್ಟ್ ಗೆಸ್ಟನ್ನು ಹತ್ತು ಮಿಲಿಸೆಕೆಂಡ್ ಪಕ್ಕಕ್ಕಿಟ್ಟರೆ ಹತ್ತು ಟಿಕ್‌ಗಳು ಬಾಕಿ ಬೀಳುತ್ತವೆ. ಗುಡಿಯ ಗಂಟೆಯ ಬಡಿತ ಎಣಿಸುತ್ತಾ ನಡುವೆ ತೂಕಡಿಸಿದವನ ಲೆಕ್ಕದಂತೆ ಎಣಿಕೆ ಅಲ್ಲಿಂದ ಹಿಂದೆ ಉಳಿಯುತ್ತದೆ. ನಾಲ್ಕು ವರ್ಚುವಲ್ ಸಿಪಿಯು ಇರುವ ಗೆಸ್ಟ್‌ನಲ್ಲಿ ಮುಖ್ಯ ಟೈಮರ್‌ನ 1000 ಮತ್ತು ಪ್ರತಿ ಸಿಪಿಯುವಿನ ಸ್ಥಳೀಯ ಟೈಮರ್‌ನ 1000 ಸೇರಿ ಸೆಕೆಂಡಿಗೆ 5000 ಇಂಟರಪ್ಟ್‌ಗಳಾಗುವುದರಿಂದ, ಸುಮ್ಮನೆ ಕುಳಿತ ಗೆಸ್ಟ್ ಕೂಡ ಹೋಸ್ಟ್‌ಗೆ ಹೊರೆಯೇ.

ಇಲ್ಲಿಯೂ ಮೊದಲು ನೋಡಬೇಕಾದುದು ಹೋಸ್ಟನ್ನು. ಲಿಬ್‌ವರ್ಟ್‌ನಲ್ಲಿ ಪ್ರತಿ ಟೈಮರ್‌ಗೂ ಟಿಕ್‌ಪಾಲಿಸಿ ಎಂಬುದಿದೆ. ಡಿಲೇ ಎಂದರೆ ಬಾಕಿ ಟಿಕ್‌ಗಳು ತಡವಾಗಿಯೇ, ಮಾಮೂಲಿ ವೇಗದಲ್ಲಿ ತಲುಪುತ್ತವೆ, ಗೆಸ್ಟ್ ಅಷ್ಟು ಹಿಂದೆಯೇ ಉಳಿಯುತ್ತದೆ. ಕ್ಯಾಚಪ್ ಎಂದರೆ ವೇಗವಾಗಿ ತಲುಪಿಸಿ ಬಾಕಿ ತೀರಿಸಲಾಗುತ್ತದೆ. ಆದರೆ ಕೆಲವು ಹಳೆಯ ಕರ್ನಲ್‌ಗಳು ಕಳೆದ ಟಿಕ್‌ಗಳನ್ನು ತಾವೇ ಅಂದಾಜು ಮಾಡಿ ಸೇರಿಸಿಕೊಳ್ಳುತ್ತವೆ. ಹೋಸ್ಟ್ ಕೊಟ್ಟ ಬಾಕಿಯೂ ಸೇರಿದರೆ ಗಡಿಯಾರ ಮುಂದೋಡುತ್ತದೆ. ಟಿಕ್‌ಗಳು ಬಹಳ ಕಳೆದಿವೆ, ಯಾವುದೋ ಡ್ರೈವರ್ ಇಂಟರಪ್ಟ್‌ಗಳನ್ನು ತಡೆಹಿಡಿದಿರಬಹುದು ಎಂಬ ಅರ್ಥದ ಎಚ್ಚರಿಕೆ ಲಾಗ್‌ನಲ್ಲಿ ಕಂಡರೆ, ಗೆಸ್ಟ್ ಹೀಗೆ ಸೇರಿಸಿಕೊಳ್ಳುತ್ತಿದೆ ಎಂದು ತಿಳಿದು ಕ್ಯಾಚಪ್ ಬಿಡಬೇಕು.

ಮುಂದಿನದು ಬೂಟ್ ಪ್ಯಾರಾಮೀಟರ್. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 5ರ ಪೀಳಿಗೆಗೆ ಡಿವೈಡರ್=10 ಎಂದು ಕೊಟ್ಟರೆ ಟಿಕ್ ದರ 100ಕ್ಕೆ ಇಳಿಯುತ್ತದೆ; ವಿಎಂವೇರ್ ಇದರ ಜೊತೆಗೆ 32 ಬಿಟ್ ಗೆಸ್ಟ್‌ಗೆ ಎಸಿಪಿಐ-ಪಿಎಂ ಕ್ಲಾಕ್‌ಸೋರ್ಸನ್ನೂ 64 ಬಿಟ್‌ಗೆ ಟಿಎಸ್‌ಸಿ ಬಳಸಬೇಡ ಎನ್ನುವ ನೋಟಿಎಸ್‌ಸಿಯನ್ನೂ ಸೂಚಿಸಿತ್ತು. ಡಿವೈಡರ್ ರೆಡ್ ಹ್ಯಾಟ್‌ನವರ ಸೇರ್ಪಡೆಯೇ ಹೊರತು ಮೂಲ ಲಿನಕ್ಸ್‌ನಲ್ಲಿಲ್ಲ. ಗೊತ್ತಿಲ್ಲದ ಪ್ಯಾರಾಮೀಟರನ್ನು ಕರ್ನಲ್ ಸದ್ದಿಲ್ಲದೆ ಬಿಟ್ಟುಬಿಡುವುದರಿಂದ, ಅದು ಕೆಲಸ ಮಾಡಿತೇ ಎಂದು ಎಣಿಸಿಯೇ ನೋಡಬೇಕು: ಪ್ರಾಕ್ ಕಡತಕೋಶದ ಇಂಟರಪ್ಟ್ಸ್ ಕಡತದಲ್ಲಿ ಟೈಮರ್ ಸಾಲಿನ ಅಂಕಿಯನ್ನು ಹತ್ತು ಸೆಕೆಂಡ್ ಅಂತರದಲ್ಲಿ ಎರಡು ಬಾರಿ ಓದಿ ಕಳೆದರೆ, 10,000ದ ಆಸುಪಾಸು ಬಂದಲ್ಲಿ ದರ 1000, ಸಾವಿರದ ಆಸುಪಾಸು ಬಂದಲ್ಲಿ 100. ಗೆಟ್‌ಕಾನ್ಫ್ ಆಜ್ಞೆ ಕೊಡುವ ಕ್ಲಾಕ್ ಟಿಕ್‌ನ ಅಂಕಿಯನ್ನು ನಂಬಬಾರದು. ಕರ್ನಲ್‌ನ ದರ ಎಷ್ಟೇ ಇರಲಿ ಎಕ್ಸ್86ರಲ್ಲಿ ಅದು ಸದಾ 100 ಎನ್ನುತ್ತದೆ. ಪೀಣ್ಯದ ಗೆಸ್ಟ್‌ನಲ್ಲಿ ಡಿವೈಡರ್ ಕೊಟ್ಟ ಮೇಲೂ ಎಣಿಕೆ ಹತ್ತು ಸಾವಿರದ ಬಳಿಯೇ ಇದ್ದುದರಿಂದ ಮರುಕಂಪೈಲ್ ಅನಿವಾರ್ಯವಾಯಿತು.

ಮರುಕಂಪೈಲ್ ಮಾಡುವಾಗ

ಕೆಲಸವನ್ನು ಗೆಸ್ಟ್‌ನ ಒಂದು ನಕಲಿನಲ್ಲಿ ಮಾಡಬೇಕು. ಹಳೆಯ ಕರ್ನಲನ್ನು ಇಂದಿನ ಜಿಸಿಸಿ ಕಂಪೈಲರ್‌ನಿಂದ ಕಟ್ಟಲು ಹೋದರೆ ಬೇರೆಯೇ ತಾಪತ್ರಯಗಳು ಎದುರಾಗುತ್ತವೆ. ಬೂಟ್ ಕಡತಕೋಶದಲ್ಲಿರುವ ಈಗಿನ ಕಾನ್ಫಿಗನ್ನು ನಕಲು ಮಾಡಿಕೊಂಡು, ಅದರಲ್ಲಿ ಎಚ್‌ಝಡ್ (ಟಿಕ್) ದರವನ್ನು ಮಾತ್ರ 100ಕ್ಕೆ ಬದಲಿಸಿ, ಆವೃತ್ತಿಯ ಕೊನೆಗೆ ಸೇರುವ ಲೋಕಲ್‌ವರ್ಷನ್‌ಗೆ ಗುರುತಿನ ಹೆಸರೊಂದನ್ನು ಕೊಡಬೇಕು. ಇದೇ ಸಂದರ್ಭದಲ್ಲಿ ಬೇಡದ ಡ್ರೈವರ್‌ಗಳನ್ನೂ ತೆಗೆಯೋಣ ಎಂಬ ಆಸೆಯನ್ನು ತಡೆದುಕೊಳ್ಳಬೇಕು. ಎರಡು ಬದಲಾವಣೆ ಒಟ್ಟಿಗೆ ಆದರೆ ಫಲ ಯಾವುದರದ್ದೆಂದು ತಿಳಿಯುವುದಿಲ್ಲ.

ಬಹಳ ಜನ ಎಡವುವುದು ಹೊರಗಿನವರು ಕಂಪೈಲ್ ಮಾಡಿಕೊಟ್ಟ ಮಾಡ್ಯೂಲ್‌ಗಳಲ್ಲಿ. ಡ್ರೈವರ್‌ಗಳು ಕಾಯುವ ಅವಧಿಯನ್ನು ಟಿಕ್‌ಗಳ ಸಂಖ್ಯೆಯಾಗಿ ಬರೆದುಕೊಳ್ಳುತ್ತವೆ, ಆ ಸಂಖ್ಯೆ ಕಂಪೈಲ್ ಮಾಡುವಾಗಲೇ ಅಚ್ಚಾಗಿರುತ್ತದೆ. 1000 ದರಕ್ಕೆ ಕಟ್ಟಿದ ಮಾಡ್ಯೂಲ್‌ನಲ್ಲಿ ಐದು ಸೆಕೆಂಡ್ ಎಂದರೆ 5000 ಟಿಕ್. ಅದನ್ನು 100 ದರದ ಕರ್ನಲ್‌ಗೆ ಬಲವಂತವಾಗಿ ಸೇರಿಸಿದರೆ ಅದೇ 5000 ಟಿಕ್ ಐವತ್ತು ಸೆಕೆಂಡ್ ಆಗುತ್ತದೆ. ಮಾಡ್ಯೂಲ್‌ನ ಆವೃತ್ತಿ ಪರೀಕ್ಷೆಯಲ್ಲಿ ಎಚ್‌ಝಡ್ ಸೇರಿಲ್ಲದ ಕಾರಣ ಕರ್ನಲ್ ಇದನ್ನು ಕಂಡುಹಿಡಿಯಲಾರದು. ಪೀಣ್ಯದ ತಂತ್ರಾಂಶಕ್ಕೆ ಲೈಸೆನ್ಸ್ ಡಾಂಗಲ್‌ನ ಡ್ರೈವರ್ ಬೇಕಿತ್ತು. ಅದರ ಮೂಲವನ್ನು ತರಿಸಿ ಹೊಸ ಕರ್ನಲ್‌ನೊಂದಿಗೇ ಕಟ್ಟಿದ ಮೇಲೆಯೇ ಅದನ್ನು ಬಳಕೆಗೆ ಬಿಡಲಾಯಿತು. ಮೂಲ ಸಿಗದ ಕಡೆ ಟಿಕ್ ದರವನ್ನು ಮುಟ್ಟದಿರುವುದೇ ಸರಿ. ಅಂಥ ಗೆಸ್ಟ್‌ಗೆ ಹೊರೆ ಕಡಿಮೆಯಿರುವ ಹೋಸ್ಟ್ ಹುಡುಕಬೇಕು.

ಹೊಸ ಕರ್ನಲನ್ನು, ಬೂಟ್ ಆಗುವಾಗ ಕರ್ನಲ್ ಆರಿಸುವ ಗ್ರಬ್‌ನಲ್ಲಿ ಒಂದೇ ಬಾರಿಯ ಬೂಟ್‌ಗೆ ಮಾತ್ರ ಆಯ್ಕೆ ಮಾಡಿ, ಪ್ಯಾನಿಕ್=10 ಎಂಬ ಪ್ಯಾರಾಮೀಟರನ್ನೂ ಸೇರಿಸಬೇಕು. ಆಗ ಕರ್ನಲ್ ಬೂಟ್ ಆಗದೆ ಪ್ಯಾನಿಕ್ ಆದರೆ ಹತ್ತು ಸೆಕೆಂಡ್‌ಗಳಲ್ಲಿ ತಾನಾಗಿ ರೀಬೂಟ್ ಆಗಿ ಹಳೆಯದಕ್ಕೆ ಮರಳುತ್ತದೆ; ನಡುವೆ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೂ ಹಾಗೆಯೇ.

ಬದಲಿಸಿದ ಮೇಲಿನ ಪರೀಕ್ಷೆ

ಮೊದಲಿನಂತೆಯೇ ಎನ್‌ಟಿಪಿ ನಿಲ್ಲಿಸಿ, ಅದೇ ಸ್ಕ್ರಿಪ್ಟನ್ನು ಅಷ್ಟೇ ಹೊತ್ತು, ಬ್ಯಾಕಪ್‌ನ ರಾತ್ರಿಯೂ ಸೇರುವಂತೆ ಓಡಿಸಿ, ಹಳೆಯ ಗ್ರಾಫ್‌ನ ಪಕ್ಕದಲ್ಲಿಟ್ಟು ನೋಡಬೇಕು. ಇಳಿಜಾರು ಪೂರ್ತಿ ಸಪಾಟಾಗದೆ ಸ್ವಲ್ಪ ಉಳಿದರೂ, ಅದು 500 ಪಿಪಿಎಂಗಿಂತ ಸಾಕಷ್ಟು ಕೆಳಗಿದ್ದರೆ ಉಳಿದುದನ್ನು ಎನ್‌ಟಿಪಿಗೆ ಬಿಡಬಹುದು. ಟಿಕ್ ದರ 100 ಆದ ಮೇಲೆ ಹತ್ತು ಮಿಲಿಸೆಕೆಂಡ್‌ಗಿಂತ ಚಿಕ್ಕ ಅವಧಿ ಕಾಯುವ ಪ್ರೋಗ್ರಾಂಗಳು ಇಂಥ ಹಳೆಯ ಕರ್ನಲ್‌ನಲ್ಲಿ ನಿಧಾನವಾಗುತ್ತವೆ. ಅವನ್ನು ಬಳಸುವವರಿಗೆ ಮೊದಲೇ ತಿಳಿಸಬೇಕು. ಬದಲಿಸಿದ ಕಾನ್ಫಿಗ್, ಬೂಟ್ ಪ್ಯಾರಾಮೀಟರ್‌ಗಳು, ಹೋಸ್ಟ್‌ನ ಟಿಕ್‌ಪಾಲಿಸಿ ಮತ್ತು ಎರಡು ಗ್ರಾಫ್‌ಗಳನ್ನು ಒಂದೇ ಕಡೆ ಇಡಬೇಕು. ಗೆಸ್ಟನ್ನು ಬೇರೆ ಹೋಸ್ಟ್‌ಗೆ ಸಾಗಿಸಿದಾಗ ಅಥವಾ ಹೋಸ್ಟ್‌ಗೆ ಹೊಸ ಗೆಸ್ಟ್‌ಗಳು ಸೇರಿದಾಗ ಮೂರನೆಯ ಗ್ರಾಫ್ ತೆಗೆದು ಅವುಗಳೊಂದಿಗೆ ಹೋಲಿಸಬೇಕು.